ಸೀಟಿ ಬಾಯಲ್ಲಿದ್ದಾಗ ಭಾವ ಭಾವನಲ್ಲ

ನಮ್ಮಕ್ಕನ ಗಂಡ ಕನ್ನಡಕದ ಅಂಗಡಿಯವರು. ಶನಿವಾರ ಸಂಜೆ ಮಾತ್ರ ಹೈಸ್ಕೂಲು ಬ್ಯಾಸ್ಕೆಟ್‌ಬಾಲಿನ ರೆಫರಿ. "ಕಣ್ಣು ಕಾಣಲ್ವೇನ್ರೀ? ಕನ್ನಡಕ ಹಾಕ್ಕೊಳ್ಳಿ!" ಎಂದು ಯಾರಾದರೂ ಕೂಗಿದರೆ, ವಿರಾಮದಲ್ಲಿ ಅವರ ಕೈಗೆ ಅಂಗಡಿಯ ಕಾರ್ಡು ಕೊಟ್ಟು ಬರುವ ಆಸಾಮಿ. ಆದರೆ ಸೀಟಿ ಬಾಯಿಗೆ ಹೋಯಿತೆಂದರೆ ಅವರಿಗೆ ಬಂಧುಬಳಗವೇ ಇಲ್ಲ. ಒಮ್ಮೆ ಪಂದ್ಯದ ನಡುವೆ "ಭಾವಾ" ಎಂದು ಕೈಬೀಸಿದ್ದಕ್ಕೆ, "ಗೆರೆಯಿಂದಾಚೆ ನಿಲ್ಲಿ ಸಾರ್" ಎಂದಿದ್ದರು ನನಗೆ.

ಕಳೆದ ವರ್ಷ ನಮ್ಮೂರ ಶಾಲೆಗೆ ಶಾಟ್ ಕ್ಲಾಕ್ ಬಂತು. ಚೆಂಡು ಸಿಕ್ಕ ತಂಡ ಮೂವತ್ತೈದು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಎಸೆದದ್ದು ರಿಂಗಿಗೆ ತಾಗಿದರೆ ಗಡಿಯಾರ ಮತ್ತೆ ಮೊದಲಿಂದ. ಹಿಂದಿನ ಬೋರ್ಡಿಗಷ್ಟೇ ಬಡಿದರೆ ಇಲ್ಲ. ಗುಂಡಿ ಒತ್ತುವ ಕೆಲಸಕ್ಕೆ ನನ್ನ ಹೆಂಡತಿ ಕೈಯೆತ್ತಿದಳು. "ಒಂದು ಪಂದ್ಯ ನೋಡೋಣ, ಆಗದಿದ್ರೆ ಬೇರೆಯವರು" ಎಂದರು ಮುಖ್ಯೋಪಾಧ್ಯಾಯಿನಿ. ನನ್ನವಳು ಮದುವೆಗೆ ಮುಂಚೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವಳು. ಮಂಡಿ ಕೈಕೊಟ್ಟ ಮೇಲೆ ಅಂಕಣದ ಪಕ್ಕ ಅವಳಿಗೆ ಸಿಕ್ಕ ಮೊದಲ ಕುರ್ಚಿ ಅದು. ಅದನ್ನು ಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ. ವಾರವಿಡೀ ನನ್ನ ಊಟದ ಮೇಲೆಯೇ ಅಭ್ಯಾಸ. ನಾನು ತುತ್ತೆತ್ತಿದರೆ ಅವಳ ಹೆಬ್ಬೆರಳು ಸಿದ್ಧ: "ಮೀಸೆಗೆ ತಾಗಿದ್ದು ಲೆಕ್ಕಕ್ಕಿಲ್ಲ ರೀ!"

ಪಂದ್ಯದ ದಿನ ಸೀಟಿ ಭಾವನ ಬಾಯಲ್ಲೇ. ನಮ್ಮ ಶಾಲೆಯ ಹುಡುಗಿ ಎಸೆದ ಚೆಂಡು ಬೋರ್ಡಿಗಷ್ಟೇ ಬಡಿದು ಅವಳ ಗೆಳತಿಯ ಕೈಗೇ ಬಂತು. ಜನ "ಹೋ" ಎಂದರು. ಆ ಗದ್ದಲಕ್ಕೆ ನನ್ನವಳ ಬೆರಳು ಒತ್ತಿಯೇಬಿಟ್ಟಿತು. ನಮ್ಮ ತಂಡಕ್ಕೆ ಪುಕ್ಕಟೆ ಮೂವತ್ತೈದು!

ಎದುರು ಶಾಲೆಯ ಕೋಚ್ ಗುಡುಗಿದರು: "ಮನೆ ಮಂದೀನೆಲ್ಲಾ ತಂದು ಕೂರಿಸ್ಕೊಂಡ್ರೆ ಇನ್ನೇನಾಗತ್ತೆ? ಎಬ್ಬಿಸ್ರೀ ಅವರನ್ನ!"

ಮುಖ್ಯೋಪಾಧ್ಯಾಯಿನಿ ಅರ್ಧ ಎದ್ದರು. ಗಂಡನಾದ ನಾನು ಧೈರ್ಯವಾಗಿ ನನ್ನ ಚಪ್ಪಲಿ ನೋಡುತ್ತಾ ಕುಳಿತೆ.

ಭಾವ ಸೀಟಿ ಊದಿ ಆಟ ನಿಲ್ಲಿಸಿ ಮೇಜಿನ ಹತ್ತಿರ ಬಂದರು. "ಮೇಡಂ, ಒತ್ತೋವಾಗ ಎಷ್ಟು ಉಳಿದಿತ್ತು?"

"ಎಂಟು."

"ನೋಡಿದ್ರಾ, ಅಂದಾಜಾ?"

"ನೋಡ್ದೆ ಸಾರ್. ಎಂಟೇ." ದನಿ ನಡುಗುತ್ತಿತ್ತು, ಲೆಕ್ಕ ನಡುಗಲಿಲ್ಲ.

"ಎಂಟಕ್ಕೇ ಇಡಿ."

ಎಂಟು ಸೆಕೆಂಡಿನಲ್ಲಿ ನಮ್ಮ ಹುಡುಗಿಯರಿಗೆ ಏನೂ ಗಿಟ್ಟಲಿಲ್ಲ. ಬಜರ್ ಕಿರುಚಿ ಚೆಂಡು ಎದುರಾಳಿಗಳ ಪಾಲಾಯಿತು. ನಮ್ಮವರೇ ನಮ್ಮವಳಿಗೆ ಛೀಮಾರಿ ಹಾಕಿದರು.

ವಿರಾಮದಲ್ಲಿ ಮುಖ್ಯೋಪಾಧ್ಯಾಯಿನಿ, "ಏನ್ಮಾಡೋಣ? ಬದಲಾಯಿಸೋಣ್ವಾ?" ಎಂದರು.

"ತಪ್ಪಾಗಿ ಯಾರು ಬೇಕಾದ್ರೂ ಒತ್ತಬಹುದು" ಎಂದರು ಭಾವ. "ತಮ್ಮ ಶಾಲೆಗೇ ಪೆಟ್ಟು ಅಂತ ಗೊತ್ತಿದ್ದೂ ಎಂಟು ಅಂದ್ರಲ್ಲ, ಅಂಥವರನ್ನ ನಾನೆಲ್ಲಿ ಹುಡುಕ್ಲಿ?"

ಕೋಚ್ ಮಹಾಶಯರು ಗಂಟಲು ಸರಿಮಾಡಿಕೊಂಡು, "ಇರ್ಲಿ ಬಿಡಿ, ಅವರೇ ಕೂರ್ಲಿ" ಎಂದು ಗೊಣಗಿದರು.

ಕುರ್ಚಿ ಉಳಿಯಿತು. ಈಗ ಶನಿವಾರದ ಅಡುಗೆ ನನ್ನದು. ಅವಳು ಬಂದು, ಯಾವ ಹುಡುಗಿ ಹೇಗೆ ಜಿಗಿದಳೆಂದು ಕೈಯಾಡಿಸಿ ಹೇಳುತ್ತಾ, ನಾನು ತಳ ಹಿಡಿಸಿದ ಅನ್ನವನ್ನು ಗಮನಿಸದೆಯೇ ಉಂಡುಬಿಡುತ್ತಾಳೆ. ಅವಳು ಇಷ್ಟು ಮಾತಾಡುವುದನ್ನು ನಾನು ಮರೆತೇಬಿಟ್ಟಿದ್ದೆ. ಭಾವನ ಈ ಋಣ ತೀರಿಸುವಂಥದ್ದಲ್ಲ. ಅವರನ್ನು ಊಟಕ್ಕೆ ಕರೆದು ತೀರಿಸೋಣವೆಂದರೆ, ಪಾಪ, ಅಂಥ ಶಿಕ್ಷೆ ಕೊಡಲು ಮನಸ್ಸು ಬರುವುದಿಲ್ಲ.