ಜೋಗುಳದಲ್ಲಿ ಬಿಟ್ಟ ಜಾಗ

ಇಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಂಬುವುದು ಹಾಗಿರಲಿ, ಯಾರಾದರೂ ಅಂಗಡಿಯಲ್ಲಿ ಕೂತು ದೆವ್ವ, ಗಾಳಿ, ಸೋಂಕು ಎಂದು ಶುರು ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ಸೊಲ್ಲಾಪುರದಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟು ಅರ್ಧ ಆಯುಷ್ಯ ಕಳೆದವನು ನಾನು. "ನಮ್ಮ ಮಷೀನಿಗೆ ಯಾರೋ ಏನೋ ಮಾಡ್ಯಾರ್ರಿ" ಎಂದು ಗಿರಾಕಿಗಳು ತಂದ ಡಬ್ಬಿ ಬಿಚ್ಚಿದರೆ ಒಳಗೆ ಸಿಗುತ್ತಿದ್ದದ್ದು ಧೂಳು, ಜೇಡರ ಬಲೆ, ಒಮ್ಮೆ ಇಲಿಯ ಇಡೀ ಸಂಸಾರ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ನಾವು ಹುಡುಕಬೇಕಷ್ಟೆ ಎಂಬ ಜಂಬ ನನಗಿತ್ತು. ಈಗ ಆ ಜಂಬದ ಮಾತು ಬೇಡ.

ಸುವರ್ಣಾ ನನ್ನ ಹೆಂಡತಿಯ ತವರೂರಿನ ಹುಡುಗಿ, ಅಕ್ಕಲಕೋಟದ ಒಂದು ಒಕ್ಕಲುತನದ ಮನೆಗೆ ಸೊಸೆಯಾಗಿ ಹೋದವಳು. ನನಗೆ ಮಾಮಾ ಎನ್ನುತ್ತಾಳೆ. ಆಕೆಗೆ ಎರಡು ಕೂಸು ಹುಟ್ಟಿದವು, ಎರಡೂ ಉಳಿಯಲಿಲ್ಲ. ಹೆಸರಿಡುವ ಮೊದಲೇ ಹೋದವು. ಆಕೆಯ ತಾಯಿ ಗೌರಾಬಾಯಿ ಜೋಗುಳಕ್ಕೆ ಹೆಸರಾದವಳು. ಸುತ್ತಿನ ಊರುಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೌರಾಬಾಯಿ ಬಂದು ಹಾಡದಿದ್ದರೆ ಹೆಂಗಸರಿಗೆ ಸಮಾಧಾನವಿರುತ್ತಿರಲಿಲ್ಲ. ಸುವರ್ಣಾ ಕಲಿತದ್ದು ಮರಾಠಿ ಸಾಲೆಯಲ್ಲಿ. ಮನೆಮಾತು ಕನ್ನಡ, ಅಕ್ಷರ ಮಾತ್ರ ಬಾರದು. ಅವ್ವನ ಹಾಡು ಬರೆದುಕೊಳ್ಳಲು ಬಾರದ್ದಕ್ಕೆ, ಒಮ್ಮೆ ಅವ್ವ ಬಂದಾಗ ಮನೆಯ ಕಂಪ್ಯೂಟರಿಗೆ ಮೈಕು ಹಚ್ಚಿ ಹಾಡಿಸಿ ಇಟ್ಟುಕೊಂಡಿದ್ದಳು. ಜೋಗುಳದಲ್ಲಿ ಕೂಸಿನ ಹೆಸರು ಬರುವ ಕಡೆ ಮಾತ್ರ ಗೌರಾಬಾಯಿ ಸುಮ್ಮನಾಗಿದ್ದಳಂತೆ. "ಹುಟ್ಟದ ಕೂಸಿನ ಹೆಸರ ಬಾಯಾಗ ತರಬಾರದು. ಜಾಗಾ ಬಿಟ್ಟೀನಿ, ನಿನಗ ಕೂಸ ಆದಾಗ ನೀನ ಹಾಕ್ಕೋ" ಎಂದಿದ್ದಳಂತೆ. ಅದಾದ ಮೇಲೆ ಮುದುಕಿ ಬಹಳ ದಿನ ಬದುಕಲಿಲ್ಲ.

ಮೂರನೆಯದು ಹೆಣ್ಣು ಕೂಸು. ದೇವರ ದಯೆ, ಉಳಿಯಿತು. ಹೆಸರಿಡುವ ದಿನ ಗೊತ್ತಾಯಿತು. ಆಗ ನೋಡಿದರೆ ಕಂಪ್ಯೂಟರ್ ಚಾಲೂ ಆಗುತ್ತಿಲ್ಲ. ಸುವರ್ಣಾಳ ಗಂಡ ಮಲ್ಲಿನಾಥ ಅದನ್ನು ಚಾದರದಲ್ಲಿ ಸುತ್ತಿ, ಎಸ್‌ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಅಂಗಡಿಗೆ ತಂದ. ಅವನು ಒಳಗೆ ಕಾಲಿಡುವಷ್ಟರಲ್ಲಿ ಸುವರ್ಣಾಳ ಫೋನು.

"ಮಾಮಾ, ಮಷೀನ ಹೋದ್ರ ಹೋಗ್ಲಿ. ಅದರಾಗಿನ ನಮ್ಮವ್ವನ ಹಾಡ ಒಂದ ತಗದ ಕೊಡ್ರಿ. ಆಕಿ ದನಿ ಮತ್ತೆಲ್ಲೂ ಇಲ್ಲರಿ. ನನ್ನ ಕೂಸ ಅಜ್ಜಿ ಹಾಡ ಕೇಳ್ಕೋತ ತೊಟ್ಟಲದಾಗ ಮಲಗ್ಬೇಕು."

"ಆತವಾ, ತಗದ ಕೊಡ್ತೀನಿ. ಬಾಣಂತಿ ಇದ್ದೀ, ಚಿಂತಿ ಹಚ್ಕೋಬ್ಯಾಡ" ಎಂದೆ.

ಗುಂಡಿ ಒತ್ತಿದರೆ ಒಳಗಿನ ಪಂಖ ತಿರುಗುತ್ತಿತ್ತು, ಕರಿಯ ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಮೂಡಿ ಅಲ್ಲೇ ನಿಲ್ಲುತ್ತಿತ್ತು. ಹಾರ್ಡ್ ಡಿಸ್ಕ್ ಕೆಟ್ಟಾಗ ಹೀಗಾಗುತ್ತದೆ. ಮಷೀನು ಏಳುವಾಗ ಓದಬೇಕಾದ ಭಾಗವೇ ಹಾಳಾಗಿರುತ್ತದೆ, ಉಳಿದದ್ದು ಎಷ್ಟೋ ಸಲ ಒಳಗೆ ಹಾಗೇ ಇರುತ್ತದೆ. ಇಂಥಲ್ಲಿ ಮೂಲ ಡಿಸ್ಕನ್ನು ಕೆದಕಬಾರದು. ಅದನ್ನು ಬಿಚ್ಚಿ ತೆಗೆದು, ಅಂಗಡಿಯ ಮಷೀನಿಗೆ ವೈರಿನಿಂದ ಜೋಡಿಸಿ, ಮೊದಲು ಇದ್ದದ್ದು ಇದ್ದ ಹಾಗೆ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ಕೆಲಸ ಮಾಡಬೇಕು. ನಾನೂ ಹಾಗೇ ಮಾಡಿದೆ. ಡಿಸ್ಕು ಕಟಕ್ ಕಟಕ್ ಎನ್ನುತ್ತ, ನಡುನಡುವೆ ನಿಂತು, ನನ್ನ ಸಹನೆಯನ್ನೆಲ್ಲ ತಿಂದು, ಅಂತೂ ಮುಗಿಸಿತು. ಹೀಗೆ ತೆಗೆದ ಫೈಲುಗಳಿಗೆ ಹೆಸರು ಉಳಿದಿರುವುದಿಲ್ಲ, ಬರೀ ನಂಬರು ಇರುತ್ತದೆ. ಯಾವುದರಲ್ಲಿ ಏನಿದೆ ಎಂದು ಒಂದೊಂದನ್ನೇ ತೆರೆದು ನೋಡಬೇಕು.

ಊಟದ ಹೊತ್ತು. ಬೇಸಿಗೆಯ ಬಿಸಿಲಿಗೆ ಹೆದರಿ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಕೂತು ಕೇಳುತ್ತ ಹೋದೆ. ಯಾರದೋ ಮದುವೆಯ ಬ್ಯಾಂಡು, ಸಿನಿಮಾ ಹಾಡು, ಮಲ್ಲಿನಾಥ ಯಾರನ್ನೋ ಬೈಯುತ್ತಿರುವುದು. ಆಮೇಲೆ ಗೌರಾಬಾಯಿ ಬಂದಳು. ಒಡಕು ದನಿ, ನಡುವೆ ಒಂದು ಕೆಮ್ಮು, ಬಳೆಗಳ ಸದ್ದು. ಸಿಕ್ಕಿತಲ್ಲ ಎಂದು ನನಗೆ ಖುಷಿಯೋ ಖುಷಿ. ಹೆಸರು ಬರಬೇಕಾದ ಕಡೆ ಬಂತು. ಮುದುಕಿ ನಿಲ್ಲಲಿಲ್ಲ. "ಶ್ರಾವಣಿ" ಎಂದು ಹೆಸರು ಹಾಕಿ ಹಾಡಿದಳು, ಮುಂದಿನ ನುಡಿಯಲ್ಲೂ ಅದೇ ಹೆಸರು.

ಆಗ ನನಗೇನೂ ಅನ್ನಿಸಲಿಲ್ಲ, ಸುಳ್ಳೇಕೆ ಹೇಳಲಿ. ಇದು ಬೇರೆ ಯಾರದೋ ಕೂಸಿಗೆ ಹಾಡಿದ್ದು, ಜಾಗ ಬಿಟ್ಟ ಹಾಡು ಇನ್ನೊಂದಿರಬೇಕು ಎಂದು ಉಳಿದದ್ದನ್ನೆಲ್ಲ ಹುಡುಕಿದೆ. ಜೋಗುಳ ಇದ್ದದ್ದು ಅದೊಂದೇ. ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ನಕಲು ಡಿಸ್ಕನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಹೆಸರಿಡುವ ದಿನ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ನಾನೇ ಅಕ್ಕಲಕೋಟಕ್ಕೆ ಹೋದೆ.

ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಸುವರ್ಣಾ ಒಳಕೋಣೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಮದಲ ನನಗ ಕೇಳಸ್ರಿ ಮಾಮಾ" ಎಂದಳು. ಲ್ಯಾಪ್‌ಟಾಪು ತೆರೆದು ಹಚ್ಚಿದೆ. ಅವ್ವನ ದನಿ ಕೇಳಿದ ಕೂಡಲೇ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಹೆಸರು ಬಂದಾಗ ಆಕೆಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಮಾಮಾ, ಈ ಹೆಸರ ನಿಮಗ ಯಾರ ಹೇಳ್ಯಾರ?"

"ನನಗ ಯಾರ ಹೇಳ್ತಾರವಾ? ನಿಮ್ಮವ್ವ ಯಾರದರೆ ಕೂಸಿಗೆ ಹಾಡಿರಬೇಕು."

"ಇಲ್ಲರಿ. ಆಕಿ ಇದನ್ನ ಹಾಡಿದಾಗ ಎದುರಿಗೆ ನಾನ ಕುಂತಿದ್ದೆ. ಹೆಸರ ಹಾಕಿಲ್ಲ ಆಕಿ. ಶ್ರಾವಣಿ ಅನ್ನೂದು ನಾ ಮನಸಿನ್ಯಾಗ ಇಟ್ಕೊಂಡಿದ್ದು. ದೃಷ್ಟಿ ಆಗ್ತದಂತ ಹೆದರಿ ನಮ್ಮ ಮನಿಯವರ ಮುಂದೂ ಆಡಿಲ್ಲ."

ಬಾಗಿಲಲ್ಲಿ ಆಕೆಯ ಅತ್ತೆ ಯಾವಾಗ ಬಂದು ನಿಂತಿದ್ದಳೋ. "ಬಂದ ಮಾಡ್ರಿ ಅದನ್ನ! ಸತ್ತವರು ಕರದ ಹೆಸರಿಗೆ ಈ ಮನ್ಯಾಗ ಯಾರೂ ಓ ಅನ್ನೂದ ಬ್ಯಾಡ" ಎಂದು ಪೆನ್ ಡ್ರೈವನ್ನು ಕಿತ್ತುಕೊಂಡು ಹೋಗಿ ನೀರು ಕಾಯಿಸುವ ಒಲೆಗೆ ಹಾಕಿಬಿಟ್ಟಳು.

ನಾನು ಬಿಡಲಿಲ್ಲ. ಅಜ್ಜಿ ಮೊಮ್ಮಗಳಿಗೆ ಆಶೀರ್ವಾದ ಮಾಡಿದ್ದಾಳೆ ಎಂದೇ ತಿಳಿಯಿರಿ, ಹೆದರುವುದೇಕೆ ಎಂದೆ. ನನ್ನ ಹೆಂಡತಿ ಸಾಕು ಎಂಬಂತೆ ನನ್ನ ಕಡೆ ಕಣ್ಣು ಬಿಟ್ಟಳು. ಸುವರ್ಣಾ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, ಅಳದೆ, ನನ್ನನ್ನೇ ನೋಡುತ್ತ ಹೇಳಿದಳು: "ಎರಡ ಕೊಟ್ಟೀನಿ ಮಾಮಾ. ಇದನ್ನ ಯಾರಿಗೂ ಕೊಡಂಗಿಲ್ಲ. ನಮ್ಮವ್ವ ಕೇಳಿದ್ರೂ ಕೊಡಂಗಿಲ್ಲ."

ಕೂಸುಗಳು ಉಳಿಯದ ಮನೆಯಲ್ಲಿ ಹುಟ್ಟಿದ್ದಕ್ಕೆ ಕಲ್ಲು, ತಿಪ್ಪೆ ಎಂದೇನಾದರೂ ಹೆಸರಿಡುವುದು ನಮ್ಮ ಕಡೆಯ ಹಳೆಯ ರೂಢಿ. ಸಾವು ಅಂಥದ್ದರ ಕಡೆ ತಿರುಗಿ ನೋಡುವುದಿಲ್ಲ ಎಂಬ ನಂಬಿಕೆ. ನಿಂತ ಕಾಲ ಮೇಲೆ ಹೆಸರು ಬದಲಾಯಿತು. ಮಲ್ಲಿನಾಥನ ತಂಗಿ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್‌ರ್ ಎಂದು ಊದಿ, "ಕಲ್ಲವ್ವ" ಎಂದಳು. ಹೆಂಗಸರು ರೂಢಿಯಂತೆ ಆಕೆಯ ಬೆನ್ನಿಗೆ ಗುದ್ದಿ ನಕ್ಕರು. ಹಾಡನ್ನು ಬೇರೆಯವರು ಹಾಡಿದರು. ಹೊರಡುವಾಗ ಸುವರ್ಣಾ ಬಾಗಿಲವರೆಗೆ ಬಂದು, "ನಿಮ್ಮ ಅಂಗಡ್ಯಾಗ ಇದ್ದದ್ದೂ ಅಳಿಸಿಬಿಡ್ರಿ ಮಾಮಾ" ಎಂದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದವನೇ ಕಪಾಟಿನಿಂದ ನಕಲು ಡಿಸ್ಕು ತೆಗೆದು ಜೋಡಿಸಿದೆ. ನಂಬರಿನ ಫೈಲುಗಳಲ್ಲಿ ಅದು ಯಾವುದೆಂದು ಖಾತ್ರಿ ಮಾಡಿಕೊಳ್ಳಲು ಕಿವಿಗೆ ಹೆಡ್‌ಫೋನು ಹಾಕಿಕೊಂಡು ತೆರೆದೆ. ಅದೇ ದನಿ, ಅದೇ ಕೆಮ್ಮು, ಅದೇ ಬಳೆ. ಹೆಸರಿನ ಜಾಗದಲ್ಲಿ ಗೌರಾಬಾಯಿ "ಕಲ್ಲವ್ವ" ಎಂದಳು.

ಹೆಡ್‌ಫೋನು ಕಿತ್ತು ಸುತ್ತ ನೋಡಿದೆ. ಎದುರಿಗೆ ಒಬ್ಬ ಗಿರಾಕಿ ಕೀಬೋರ್ಡಿಗೆ ಚೌಕಾಸಿ ಮಾಡುತ್ತಿದ್ದ. ಹೊರಗೆ ರಿಕ್ಷಾಗಳ ಗದ್ದಲ. ಮತ್ತೆ ಹಾಕಿಕೊಂಡು ಕೇಳಿದೆ. ಕಲ್ಲವ್ವ, ಕಲ್ಲವ್ವ. ಯಾರ ದನಿಯನ್ನಾದರೂ ಹಾಗೇ ಹುಟ್ಟಿಸುವ ಉಪಾಯಗಳು ಈಗ ಬಂದಿವೆ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಪಾಟಿನ ಕೀಲಿ ನನ್ನ ಹತ್ತಿರವಿತ್ತು. ಆ ಹೆಸರು ಹುಟ್ಟಿ ಒಂದು ಹಗಲೂ ಆಗಿರಲಿಲ್ಲ. ಸೊಲ್ಲಾಪುರದಲ್ಲಿ ಅದು ಗೊತ್ತಿದ್ದದ್ದು ನನಗೆ ಮತ್ತು ನನ್ನ ಹೆಂಡತಿಗೆ.

ಅಳಿಸಲು ಕೈ ಬರಲಿಲ್ಲ. ನಮ್ಮ ಕಸುಬಿನಲ್ಲಿ ಅಳಿಸುವುದೆಂದರೆ ಡಿಸ್ಕಿನ ಪಟ್ಟಿಯಿಂದ ಹೆಸರು ತೆಗೆಯುವುದು, ಅಷ್ಟೆ. ಒಳಗಿನದು ಅಲ್ಲೇ ಇರುತ್ತದೆ. ಬೇರೆ ದಿನ ಇದನ್ನು ಗಿರಾಕಿಗಳಿಗೆ ಧೈರ್ಯ ಹೇಳಲು ಹೇಳುತ್ತಿದ್ದೆ. ಸುತ್ತಿಗೆಯಿಂದ ಒಡೆಯೋಣ ಎಂದರೆ, ಒಡೆದರೆ ಏನಾಗುತ್ತದೋ ಎಂಬ ಭಯ ಬಂತು. ಭಯ ನನಗೆ! ಡಿಸ್ಕನ್ನು ಅರಿವೆಯಲ್ಲಿ ಕಟ್ಟಿ ಮತ್ತೆ ಕಪಾಟಿಗೆ ಹಾಕಿದೆ. ಹೆಂಡತಿಗೆ ಹೇಳಿದರೆ, "ಬಾಯಿ ಮುಚ್ಕೊಂಡ ಇರ್ರಿ, ಆ ಹುಡುಗಿ ಎದಿ ಒಡಕೊಂಡಾಳು" ಎಂದಳು.

ಕಲ್ಲವ್ವ ಈಗ ಸಾಲೆಗೆ ಹೋಗುತ್ತಾಳೆ. ಗುಂಡಗುಂಡಗೆ ಇದ್ದಾಳೆ, ಬಾಯಿ ಜೋರು. ಸೊಲ್ಲಾಪುರಕ್ಕೆ ಬಂದರೆ ನನ್ನ ತಿರುಗುವ ಕುರ್ಚಿ ಬಿಟ್ಟು ಏಳುವುದಿಲ್ಲ. ನಾನು ಆಕೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ತಂಗೀ ಎನ್ನುತ್ತೇನೆ. ಮೊನ್ನೆ ಸುವರ್ಣಾ ಫೋನು ಮಾಡಿದಳು.

"ಮಾಮಾ, ಸಾಲ್ಯಾಗ ಹುಡುಗ್ರು ಕಲ್ಲು ಅನ್ನೂದನ್ನ ಮರಾಠಿ ಮಾಡಿ ದಗಡ್ ದಗಡ್ ಅಂತ ಚಿಡಸ್ತಾರ. ಅತ್ಕೋತ ಮನಿಗೆ ಬರ್ತಾಳ. ಶ್ರಾವಣಿ ಅಂತ ಬದಲಿ ಮಾಡೂದಂತ ಠರಸೀವಿ. ಆ ಹಾಡ ಅವತ್ತ ಅಳಿಸೀರಿ, ಹೌದಲ್ಲ?"

"ಹೂನವಾ, ಅಳಿಸೀನಿ" ಎಂದೆ. ಆ ತಾಯಿಗೆ ಇನ್ನೇನು ಹೇಳಬೇಕಿತ್ತು?

ಆ ಮನೆಯಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ. ಡಿಸ್ಕನ್ನು ಕಪಾಟಿನಿಂದ ಹೊರಗೆ ತೆಗೆದಿದ್ದೇನೆ. ಒಮ್ಮೆ ಕೇಳಿದರೆ ಈಗ ಅದರಲ್ಲಿ ಯಾವ ಹೆಸರಿದೆ ಎಂದು ತಿಳಿಯುತ್ತದೆ, ಸುವರ್ಣಾಳಿಗೆ ಏನು ಹೇಳಬೇಕು ಎಂಬುದೂ ತಿಳಿಯುತ್ತದೆ. ಕಲ್ಲವ್ವ ಎಂದಿರಬಹುದು, ಶ್ರಾವಣಿ ಎಂದಿರಬಹುದು. ಎರಡಕ್ಕೂ ಹೇಗೋ ಎದೆ ಗಟ್ಟಿ ಮಾಡಿಕೊಂಡೇನು. ಆದರೆ ಗೌರಾಬಾಯಿ ಮೊದಲು ಹಾಡಿದ್ದಳಲ್ಲ, ಮನೆಯಲ್ಲಿ ಕೂಸು ಇಲ್ಲದಾಗ, ಹಾಗೆ ಆ ಜಾಗ ಮತ್ತೆ ಖಾಲಿಯಾಗಿದ್ದರೆ?

ವೈರು ಮೇಜಿನ ಮೇಲಿದೆ. ಇನ್ನೂ ಜೋಡಿಸಿಲ್ಲ.