ಕಸ್ತೂರಬಾಯಿಯವರ ಟೋಪಿವಾಲಾ

ನಮ್ಮ ಓಣಿಯಲ್ಲಿ ಬೆಳಿಗ್ಗೆ ಕೇಳುವ ಮೊದಲ ಸದ್ದು ಕಸ್ತೂರಬಾಯಿಯವರು ರೊಟ್ಟಿ ಬಡಿಯುವುದು. ಸೊಲ್ಲಾಪುರದ ಅಕ್ಕಲಕೋಟ ರಸ್ತೆಗೆ ಹತ್ತಿಕೊಂಡಿರುವ ಈ ಓಣಿಯಲ್ಲಿ ಅವರ ಕಡಕ್ ರೊಟ್ಟಿಗೂ ಶೇಂಗಾ ಹಿಂಡಿ ಎಂಬ ಚಟ್ನಿಪುಡಿಗೂ ಒಳ್ಳೆಯ ಹೆಸರಿದೆ. ಪುಣೆಗೆ ಹೊರಟವರು ಡಬ್ಬಿಗಟ್ಟಲೆ ಕಟ್ಟಿಸಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಒಲೆ ಆರಿದ ಮೇಲೆ ಅದೇ ಮನೆಯಿಂದ ಬೇರೊಂದು ಸದ್ದು ಹೊರಡುತ್ತದೆ. ಟಿಣಿಟಿಣಿ ಎನ್ನುವ ಸಂಗೀತ, ಗುಂಡಿಗಳ ಟಕಟಕ, ನಡುನಡುವೆ ‘ಬಿತ್ತು, ಮತ್ತ ಬಿತ್ತು’ ಎನ್ನುವ ಧ್ವನಿ. ಅರವತ್ತು ದಾಟಿದ ಹೆಂಗಸು ಟಿವಿಯ ಮುಂದೆ ಕುಳಿತು ಆಟ ಆಡುತ್ತಾರೆಂದರೆ ಹೊಸಬರು ನಂಬುವುದಿಲ್ಲ. ನಾನು ನಂಬುತ್ತೇನೆ. ಈ ಆಟ ನಿನ್ನೆ ಮೊನ್ನೆಯದಲ್ಲ.

ಆಗ ನಾವೆಲ್ಲ ಅಕ್ಕಲಕೋಟದಲ್ಲಿದ್ದೆವು. ನಾನು ಕನ್ನಡ ಶಾಲೆಯ ಮಾಸ್ತರ. ಕಸ್ತೂರಬಾಯಿಯವರ ಯಜಮಾನರು ಚನ್ನವೀರಪ್ಪನವರು ಬಸ್‌ಸ್ಟ್ಯಾಂಡಿನ ಹತ್ತಿರ ಟಿವಿ, ವಿಸಿಆರ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ತೊಂಬತ್ತರ ದಶಕದಲ್ಲಿ ಅದೇ ಅಂಗಡಿಗೆ ಟಿವಿ ಗೇಮು ಬಂದಿತು. ಒಂದು ಪೆಟ್ಟಿಗೆ, ವೈರು ಹಚ್ಚಿದ ಎರಡು ರಿಮೋಟು, ಹಳದಿ ಬಣ್ಣದ ಕ್ಯಾಸೆಟ್ಟು. ಊರಿನ ಹುಡುಗರು ದಿನದ ಬಾಡಿಗೆಗೆ ಒಯ್ಯುತ್ತಿದ್ದರು. ಮರಳಿ ತರುವಾಗ ಕೆಲವರು ಒಳ್ಳೆಯ ಕ್ಯಾಸೆಟ್ಟು ಮನೆಯಲ್ಲಿಟ್ಟುಕೊಂಡು ಕೆಟ್ಟದ್ದನ್ನು ತಂದು ಕೊಡುತ್ತಿದ್ದರು. ಆದ್ದರಿಂದ ಬಂದ ಕ್ಯಾಸೆಟ್ಟನ್ನು ಹಚ್ಚಿ, ಆಡಿ ನೋಡಿಯೇ ಒಳಗೆ ಇಟ್ಟುಕೊಳ್ಳುವುದು ಅಂಗಡಿಯ ಪದ್ಧತಿ. ಚನ್ನವೀರಪ್ಪನವರಿಗೆ ಕೈ ಸಾಗದು. ಹೀಗಾಗಿ ಆ ಕೆಲಸ ಕಸ್ತೂರಬಾಯಿಯವರ ಪಾಲಿಗೆ ಬಂದಿತು.

ಶಾಲೆಗೆ ಚಕ್ಕರ್ ಹೊಡೆದ ಹುಡುಗರನ್ನು ಹಿಡಿಯಲು ಒಮ್ಮೆ ಆ ಅಂಗಡಿಗೆ ಹೋದೆ. ಹುಡುಗರು ಅಲ್ಲಿಯೇ ಇದ್ದರು, ಆದರೆ ಆಡುತ್ತಿರಲಿಲ್ಲ. ಸಾಲಾಗಿ ಕುಳಿತು ನೋಡುತ್ತಿದ್ದರು. ಆಡುತ್ತಿದ್ದವರು ತಲೆಯ ಮೇಲೆ ಸೆರಗು ಹೊದ್ದ ಕಸ್ತೂರಬಾಯಿ. ಪರದೆಯಲ್ಲಿ ಕೆಂಪು ಟೋಪಿಯ ಪುಟ್ಟ ಹುಡುಗನೊಬ್ಬ ಹಗ್ಗದ ಸೇತುವೆಯ ಮೇಲೆ ಹಾರುತ್ತಿದ್ದ, ಅವನ ಹಿಂದೆ ಮರಕುಟಿಗ ಹತ್ತಿತ್ತು.

“ಮಾಸ್ತರ, ಎರಡು ಮಿನಿಟು ತಡೀರಿ,” ಎಂದರು ಅವರು ನನ್ನ ಕಡೆಗೆ ನೋಡದೆಯೇ. “ಪೂಲ್ ದಾಟಲಿ, ಆಮ್ಯಾಲೆ ಒಯ್ರಿ ಇವರನ್ನ.”

ಹುಡುಗರ ಕಿವಿ ಹಿಂಡಲು ಹೋದ ನಾನು ಸೇತುವೆ ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ. ದಾಟಿದಾಗ ಹುಡುಗರ ಜೊತೆ ನಾನೂ ನಿಟ್ಟುಸಿರು ಬಿಟ್ಟೆ.

ಆ ಆಟಕ್ಕೆ ಅಕ್ಕಲಕೋಟದವರು ಇಟ್ಟ ಹೆಸರು ‘ಟೋಪಿವಾಲಾ’. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲಿನ ಚೀಟಿ ಚೀನೀ ಲಿಪಿಯಲ್ಲಿತ್ತು. ಅದರ ಕೊನೆಯನ್ನೂ ಯಾರೂ ಕಂಡಿರಲಿಲ್ಲ. ಸೇತುವೆ, ಗವಿ, ಹೊಳೆ ಇವನ್ನೆಲ್ಲ ದಾಟಿ ಹುಡುಗ ಹಿಮದ ಗುಡ್ಡಕ್ಕೆ ಬರುವ ಹೊತ್ತಿಗೆ ಕ್ಯಾಸೆಟ್ಟು ಕಾದು ಪರದೆಯ ತುಂಬ ಪಟ್ಟೆಗಳು ಏಳುತ್ತಿದ್ದವು. ಚನ್ನವೀರಪ್ಪನವರು ಮಾತ್ರ ತಾವು ಒಮ್ಮೆ ಕೊನೆ ನೋಡಿದ್ದೇವೆಂದು ಹೇಳುತ್ತಿದ್ದರು. ಕೊನೆಗೆ ಒಂದು ಅರಮನೆ ಬರುತ್ತದಂತೆ, ಹುಡುಗನನ್ನು ಆನೆಯ ಮೇಲೆ ಕೂಡಿಸಿ ಮೆರವಣಿಗೆ ಮಾಡುತ್ತಾರಂತೆ. ಆ ಆನೆಯನ್ನು ನೋಡುವ ಆಸೆಗೆ ಹುಡುಗರು ಮತ್ತೆ ಮತ್ತೆ ಬಾಡಿಗೆಗೆ ಒಯ್ಯುತ್ತಿದ್ದರು. ಕಸ್ತೂರಬಾಯಿಯವರಿಗೂ ಅದೇ ಆಸೆ. ಅಂಗಡಿ ಮುಚ್ಚಿತು, ಪೆಟ್ಟಿಗೆ ಕೆಟ್ಟಿತು, ಅವರ ಸಂಸಾರ ಸೊಲ್ಲಾಪುರಕ್ಕೆ ಬಂದಿತು, ನಿವೃತ್ತನಾಗಿ ನಾನೂ ಅದೇ ಓಣಿಗೆ ಬಂದೆ. ಮಗ ಓಂಕಾರ ಚಾದರಿನ ಅಂಗಡಿ ಹಾಕಿದ. ಆಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಓಂಕಾರನ ಹೆಂಡತಿ ದೀಪಾಲಿ ಊರಾಚೆಯ ಕಾರ್ಖಾನೆ ಪ್ರದೇಶವಾದ ಚಿಂಚೋಳಿ ಎಂಐಡಿಸಿಯ ಒಂದು ಗೋದಾಮಿನಲ್ಲಿ ಲೆಕ್ಕ ಹಿಸೇಬು ನೋಡುತ್ತಾಳೆ. ಮಾತು ಕನ್ನಡ, ಓದು ಮರಾಠಿ, ದಣಿವು ಕಳೆಯುವುದು ಟಿವಿಯ ಆಟದಲ್ಲಿ. ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದರೆ ನೂರಾರು ಆಟಗಳನ್ನು ಮನೆಯ ಟಿವಿಯಲ್ಲೇ ಆಡಬಹುದಾದ ಒಂದು ಸೇವೆಯನ್ನು ಹೋದ ವರ್ಷ ಅವಳು ತೆಗೆದುಕೊಂಡಳು. ಅದರಲ್ಲಿ ಹಳೆಯ ಕಾಲದ ಆಟಗಳಿಗೆಂದೇ ಒಂದು ಭಾಗವಿದೆ.

“ಆಯಿ, ನಿಮ್ಮ ಜಮಾನಾದ ಆಟ ಎಲ್ಲಾ ಅದಾವ ಇದರಾಗ,” ಎಂದಳಂತೆ ಅತ್ತೆಗೆ. “ಹೆಸರ ಹೇಳ್ರಿ, ಲಗೇಚ, ಈಗಿಂದೀಗ ಹುಡಕಿ ಕೊಡ್ತೀನಿ.”

“ಟೋಪಿವಾಲಾ.”

ದೀಪಾಲಿ ಆ ಹೆಸರನ್ನು ಹಾಕಿ ಹುಡುಕಿದಳು. ಏನೂ ಬರಲಿಲ್ಲ. ನಮ್ಮ ಬಸ್‌ಸ್ಟ್ಯಾಂಡಿನ ಹುಡುಗರು ಇಟ್ಟ ಹೆಸರು ಆ ಸೇವೆಯವರಿಗೆ ಹೇಗೆ ತಿಳಿಯಬೇಕು? ಆಮೇಲೆ ಅತ್ತೆ ಸೊಸೆ ಕೂಡಿ ಟೋಪಿ ಹಾಕಿದ ಹುಡುಗನ ಚಿತ್ರವಿದ್ದ ಆಟಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದರು. ಒಂದು ಆಟದಲ್ಲಿ ಹುಡುಗ ಹೂದೋಟದಲ್ಲಿ ಜೇನುಗೂಡುಗಳ ನಡುವೆ ನಡೆಯುತ್ತಿದ್ದ. ಟೋಪಿಯೇನೋ ಕೆಂಪಗೆ ಇತ್ತು.

“ಇದಲ್ಲ ಬಿಡವಾ. ನಮ್ಮದು ಪೂಲಿನಿಂದ ಚಾಲೂ ಆಗತದ. ಇದರಾಗ ಬರೇ ಹೂವ ಅದಾವ,” ಎಂದು ಕಸ್ತೂರಬಾಯಿಯವರು ತಲೆಯಾಡಿಸಿದರು. ಮುಚ್ಚಿದರು. ಹುಡುಕಾಟ ಅಲ್ಲಿಗೆ ನಿಂತಿತು.

ಕಳೆದ ಮಾಗಿಯಲ್ಲಿ ಒಂದು ರಜೆಯ ದಿನ ದೀಪಾಲಿ ಟಿವಿ ಹಚ್ಚಿದಾಗ ಒಂದು ಸೂಚನೆ ಕಂಡಳು. ಈ ತಿಂಗಳು ಮುಗಿದ ಕೂಡಲೇ ಕೆಲವು ಆಟಗಳನ್ನು ತೆಗೆದುಹಾಕುತ್ತಾರೆ ಎಂದು ಅದರಲ್ಲಿತ್ತು. ಹೂದೋಟದ ಆಟವೂ ಅದರಲ್ಲಿ ಸೇರಿತ್ತು. ಹೇಗೂ ಹೋಗುತ್ತದಲ್ಲ, ಒಮ್ಮೆ ಆಡಿ ನೋಡೋಣವೆಂದು ಅವಳು ಕುಳಿತಳು. ಕಸ್ತೂರಬಾಯಿಯವರು ಒಳಗೆ ಶೇಂಗಾ ಹುರಿಯುತ್ತಿದ್ದರು. ದೀಪಾಲಿ ಹೂದೋಟ ದಾಟಿದಳು, ಬೀಸುವ ಕಲ್ಲುಗಳ ಒಂದು ಮಜಲನ್ನೂ ದಾಟಿದಳು. ಮೂರನೆಯ ಮಜಲು ತೆರೆದು ಸಂಗೀತ ಬದಲಾಯಿತು.

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ದೀಪಾಲಿ, ಮುಟ್ಟಬ್ಯಾಡ. ಹಂಗ ಇರಲಿ,” ಎನ್ನುತ್ತ ಸೌಟು ಹಿಡಿದೇ ಅವರು ಹೊರಗೆ ಬಂದರು. ಪರದೆಯಲ್ಲಿ ಹಗ್ಗದ ಸೇತುವೆ ಇತ್ತು, ಮರಕುಟಿಗವೂ ಇತ್ತು. “ಇದ ನೋಡವಾ ನಮ್ಮ ಟೋಪಿವಾಲಾ.”

ನಡೆದದ್ದು ಇಷ್ಟು. ಹಳದಿ ಕ್ಯಾಸೆಟ್ಟು ಮಾಡಿದವರು ಆಟದ ಮೊದಲ ಎರಡು ಮಜಲುಗಳನ್ನು ಕತ್ತರಿಸಿ ಮೂರನೆಯದರಿಂದ ಶುರುವಾಗುವಂತೆ ಮಾಡಿದ್ದರು. ಇಡೀ ಅಕ್ಕಲಕೋಟ ನಡುವಿನಿಂದ ಆಡಿ ಅದನ್ನೇ ಆರಂಭವೆಂದು ತಿಳಿದಿತ್ತು.

ಚನ್ನವೀರಪ್ಪನವರು ಪೇಪರಿನಿಂದ ತಲೆ ಎತ್ತಿ, “ಕ್ಯಾಸೆಟ್ಟಿನವ ಮೋಸ ಮಾಡ್ಯಾನ ನೋಡು,” ಎಂದರು.

“ಅಂವಾ ಮಾಡಿದ, ನೀವು ಆರಿಸಿ ತಂದ್ರಿ,” ಎಂದರು ಕಸ್ತೂರಬಾಯಿ. ಅಷ್ಟರಲ್ಲಿ ಶೇಂಗಾ ಹೊತ್ತಿದ ವಾಸನೆ ನಮ್ಮ ಮನೆಯವರೆಗೂ ಬಂದಿತ್ತು. ಏನಾಯಿತೆಂದು ನೋಡಲು ಹೋದವನು ನಾನು. ಅಂದಿನಿಂದ ಆ ಆಟಕ್ಕೆ ಸಾಕ್ಷಿಯೂ ಆದೆ.

ತಿಂಗಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಆಟವನ್ನು ಕೊಂಡುಬಿಡಬಹುದೇ ಎಂದು ಕಸ್ತೂರಬಾಯಿಯವರು ಕೇಳಿದರು. ದೀಪಾಲಿ ಎಲ್ಲ ಕಡೆ ಹುಡುಕಿದಳು. ಬಿಡಿಯಾಗಿ ಅದನ್ನು ಯಾರೂ ಮಾರುತ್ತಿರಲಿಲ್ಲ. ಚಂದಾದಾರರಿಗೆ ಮಾತ್ರ ಸಿಗುತ್ತಿತ್ತು. ತೆಗೆದ ಮೇಲೆ ಮತ್ತೆ ಯಾವಾಗ ಬರುವುದೋ, ಬರುವುದೋ ಇಲ್ಲವೋ, ಅದನ್ನೂ ಹೇಳಿರಲಿಲ್ಲ.

“ಅಂದ್ರ ನಮ್ಮ ದುಕಾನದ ಬಾಡಗಿ ಹಂಗ ಅದ ಇದು,” ಎಂದರು ಚನ್ನವೀರಪ್ಪ. “ಮಾಲು ಮಾಲಕಂದು. ಅಂವಾ ತಾ ಅಂದ್ರ ಕೊಡಬೇಕು.”

“ಕೊಡೂಣು. ಅದಕ್ಕ ಮೊದಲ ಕೊನಿ ನೋಡೂಣು,” ಎಂದರು ಅವರ ಹೆಂಡತಿ.

ಮಧ್ಯಾಹ್ನ ಒಬ್ಬರೇ, ಸಂಜೆ ದೀಪಾಲಿ ಬಂದ ಮೇಲೆ ಇಬ್ಬರೂ ಕೂಡಿ, ತಲೆಗೊಬ್ಬ ಟೋಪಿಯ ಹುಡುಗನಂತೆ, ಆಡತೊಡಗಿದರು. ಸೇತುವೆಯನ್ನು ಕಸ್ತೂರಬಾಯಿಯವರ ಬೆರಳುಗಳು ಮರೆತಿರಲಿಲ್ಲ. ಆದರೆ ಮೊದಲ ಹೂದೋಟದಲ್ಲಿಯೇ ಜೇನುಹುಳ ಕಡಿದು ಹುಡುಗ ಸಾಯುತ್ತಿದ್ದ. ನಲವತ್ತು ವರ್ಷ ಕನ್ನಡ ಓದಿದವನು ಅ ಆ ಇ ಈ ತಪ್ಪಿದಂತೆ ಎಂದು ನಾನು ನಕ್ಕೆ.

“ನಗಬ್ಯಾಡ್ರಿ ಮಾಸ್ತರ. ಒಂದನೇ ಕ್ಲಾಸಿನ್ಯಾಗ ಕೂಡಲಾರದ ಮೂರನೇ ಕ್ಲಾಸ ಪಾಸಾದವರು ನಾವು.”

ಒಂದು ಸಂಜೆ ಅತ್ತೆ ಸೊಸೆಯ ನಡುವೆ ವಾದ ಹತ್ತಿತು. ಈಗಿನ ಸೇವೆಯಲ್ಲಿ ಒಂದು ಅನುಕೂಲವಿದೆ. ಹುಡುಗ ಬಿದ್ದರೆ ಒಂದು ಗುಂಡಿ ಒತ್ತಿ, ಬೀಳುವುದಕ್ಕಿಂತ ಮುಂಚಿನ ಗಳಿಗೆಗೆ ಮರಳಬಹುದು. ದೀಪಾಲಿ ಒತ್ತಿದಳು. ಕಸ್ತೂರಬಾಯಿಯವರಿಗೆ ಅದು ಕಳ್ಳಾಟವೆನಿಸಿತು. ನ್ಯಾಯ ನನ್ನ ಮುಂದೆ ಬಂದಿತು.

“ತಪ್ಪು ಬರೆದವನು ರಬ್ಬರಿನಿಂದ ಅಳಿಸಿ ಸರಿಯಾಗಿ ಬರೆದರೆ ನಾನು ಮಾರ್ಕು ಕಡಿಮೆ ಮಾಡುತ್ತಿರಲಿಲ್ಲ,” ಎಂದೆ.

“ನೋಡ್ರಿ ಆಯಿ, ಸರನೂ ಹಂಗ ಅಂದ್ರು.”

“ಸರ್ ಪೇಪರ ತಪಾಸ ಮಾಡೂವಾಗ ರಬ್ಬರ ಕೊಡ್ತಿದ್ರೇನು?” ಎಂದು ಅವರು ನನ್ನನ್ನೇ ಕೇಳಿದರು. ಕಡೆಗೆ ಅವರೇ ತೀರ್ಪು ಕೊಟ್ಟರು. “ಕಲಿಯೂವಾಗ ಹಿಂದಕ್ಕ ಹೋಗೂಣು, ಬೇಕಾದಷ್ಟು ಹೋಗೂಣು. ಖರೇ ಆಟ ಅಂತ ಕುಂತ ಮ್ಯಾಲೆ ಆ ಗುಂಡಿಗಿ ಕೈ ಹಚ್ಚಬಾರದು. ಬಿದ್ರ ಬಿದ್ದಂಗ.”

ದೀಪಾಲಿ ಒಪ್ಪಿದಳು. ಹೂದೋಟವನ್ನೂ ಬೀಸುವ ಕಲ್ಲುಗಳನ್ನೂ ಹೀಗೆ ಹಿಂದೆ ಮುಂದೆ ಹೋಗಿ ಕಲಿತರು. ಹಿಮದ ಗುಡ್ಡಕ್ಕೆ ಬಂದರು. ಈ ಸಾರಿ ಪಟ್ಟೆಗಳು ಏಳಲಿಲ್ಲ, ಬೆಳ್ಳಗಿನ ಗುಡ್ಡ ಪೂರ್ತಿಯಾಗಿ ಕಂಡಿತು. ಅದರ ತುದಿಯಲ್ಲಿ ಎರಡು ದಾರಿಗಳು.

“ಮಾಮಾ, ನೀವು ನೋಡೀರಿ ಅಲ್ಲ,” ಎಂದಳು ದೀಪಾಲಿ. “ಎಡಕ್ಕ ಹೋಗಬೇಕೋ, ಬಲಕ್ಕೋ?”

ಚನ್ನವೀರಪ್ಪನವರು ಪೇಪರನ್ನು ಇನ್ನಷ್ಟು ಎತ್ತಿ ಹಿಡಿದರು. “ಬಲಕ್ಕ.”

ಬಲಕ್ಕೆ ಹೋದ ಹುಡುಗ ನೇರವಾಗಿ ಕಂದಕಕ್ಕೆ ಬಿದ್ದ.

“ಎಡಕ್ಕ ಇತ್ತೇನೋ. ಭಾಳ ದಿನ ಆತು.”

ಎಡಕ್ಕೆ ಹೋದವನ ಮೇಲೆ ಹಿಮದ ಗುಂಡು ಉರುಳಿತು. ಕಸ್ತೂರಬಾಯಿಯವರು ರಿಮೋಟು ತೊಡೆಯ ಮೇಲಿಟ್ಟು ಗಂಡನ ಕಡೆಗೆ ತಿರುಗಿದರು. “ಓಂಕಾರನ ಅಪ್ಪಾರ, ಆ ಪೇಪರ ಇಳಸ್ರಿ. ಆನಿ ಯಾವ ಕಡೆ ನಿಂತಿತ್ತು?”

ಪೇಪರು ಇಳಿಯಿತು. “ನಾ ಎಲ್ಲಿ ನೋಡೀನಿ? ಮೂವತ್ತು ವರ್ಷ ಆತು, ಯಾರೂ ಹಿಂಗ ಹಿಡದು ಕೇಳಿರಲಿಲ್ಲ. ಧಂದೇದ ಮಾತದು.”

“ಮಾಮಾ, ಮೆರವಣಿಗಿನೂ ಸುಳ್ಳೇನು?”

“ಆನಿನ ಇಲ್ಲ ಅಂದ ಮ್ಯಾಲೆ ಮೆರವಣಿಗಿ ಎಲ್ಲಿಂದ ಬರಬೇಕವಾ?”

ಕಸ್ತೂರಬಾಯಿಯವರು ಸಿಟ್ಟಾಗುವರೆಂದು ನಾನು ಎದ್ದು ಚಪ್ಪಲಿ ಹುಡುಕುತ್ತಿದ್ದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. “ಭಲೆ ಆತು. ಅಂದ್ರ ಮುಂದ ಏನದ ಅಂತ ಅಕ್ಕಲಕೋಟದಾಗ ಯಾರಿಗೂ ಗೊತ್ತಿಲ್ಲ. ನಾವ ಮೊದಲ ನೋಡೂದು,” ಎಂದರು. ಅವರ ಉತ್ಸಾಹ ಇಮ್ಮಡಿಯಾಯಿತು.

ತಿಂಗಳ ಕೊನೆಯ ದಿನ ದೀಪಾಲಿ ಗೋದಾಮಿಗೆ ಅರ್ಧ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದಳು. ಕಸ್ತೂರಬಾಯಿಯವರು ಅಂದು ರೊಟ್ಟಿ ಬೇಗ ಮುಗಿಸಿ, ಗಿರಾಕಿಗಳಿಗೆ ಸಂಜೆ ಬರಲು ಹೇಳಿದ್ದರು. ಖರೇ ಆಟ. ಹಿಂದಕ್ಕೆ ಹೋಗುವಂತಿಲ್ಲ. ಹೂದೋಟ, ಬೀಸುವ ಕಲ್ಲುಗಳು, ಸೇತುವೆ, ಗವಿ ಎಲ್ಲ ದಾಟಿದರು. ಹೊಳೆಯಲ್ಲಿ ದೀಪಾಲಿಯ ಹುಡುಗನ ಜೀವಗಳು ತೀರಿದವು. ಅವಳು ರಿಮೋಟು ಕೆಳಗಿಟ್ಟು ಅತ್ತೆಯ ಹತ್ತಿರ ಸರಿದು ಕುಳಿತಳು. ಹಿಮದ ಗುಡ್ಡದ ತುದಿಗೆ ಬರುವ ಹೊತ್ತಿಗೆ ಕಸ್ತೂರಬಾಯಿಯವರ ಹುಡುಗನಿಗೆ ಉಳಿದದ್ದು ಒಂದೇ ಜೀವ.

ಎಡದ ದಾರಿ ಸರಿಯಾದದ್ದೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಹಿಮದ ಗುಂಡು ಉರುಳಿ ಬರುವಾಗ ಓಡಬಾರದು, ನಿಂತಲ್ಲೇ ಹಾರಬೇಕು. ಗುಂಡು ಉರುಳಿತು. ಕಸ್ತೂರಬಾಯಿಯವರು ಕೈ ತಡೆದರು. ಚನ್ನವೀರಪ್ಪನವರು “ಹಾರು” ಎನ್ನಲು ಬಾಯಿ ತೆರೆದರು, ಸೊಸೆ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು. ಹುಡುಗ ಹಾರಿದ. ಗುಂಡು ಅವನ ಕಾಲ ಕೆಳಗಿನಿಂದ ಉರುಳಿಹೋಯಿತು. ಗುಡ್ಡದ ಆಚೆ ಇಳಿಜಾರು, ಇಳಿಜಾರಿನ ಕೆಳಗೆ ಒಂದು ಪುಟ್ಟ ಮನೆ.

ಬಾಗಿಲು ತೆರೆಯಿತು. ಒಬ್ಬ ಮುದುಕಿ ದೀಪ ಹಿಡಿದು ನಿಂತಿದ್ದಳು. ಹುಡುಗ ಒಳಗೆ ಹೋಗಿ ಮೊದಲ ಬಾರಿ ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ ಊಟಕ್ಕೆ ಕುಳಿತ. ಅಷ್ಟೇ.

ಕಸ್ತೂರಬಾಯಿಯವರು ರಿಮೋಟು ಕೆಳಗಿಟ್ಟರು.

“ತಲಿ ತುಂಬ ಕೂದಲ ಅದಾವ ನೋಡ್ರಿ,” ಎಂದರು ಕಸ್ತೂರಬಾಯಿ ಮೆಲ್ಲಗೆ. “ಇಷ್ಟ ದಿನ ನಾ ಬೋಳ ಅಂತ ತಿಳದಿದ್ದೆ.”

“ಆನಿಗಿಂತ ಇದು ಚಲೋ ಅದ,” ಎಂದರು ಚನ್ನವೀರಪ್ಪ.

ಪರದೆಯಲ್ಲಿ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿಯತೊಡಗಿದವು. ದೀಪಾಲಿ ಬಂದ್ ಮಾಡಲು ಗುಂಡಿಗೆ ಕೈ ಹಾಕಿದಳು.

“ಯಾರವು ಹೆಸರು?”

“ಆಟ ಮಾಡಿದವರವು, ಆಯಿ.”

“ಹಂಗಾದ್ರ ತಡಿ. ಉಣಿಸಿದವರ ಮನ್ಯಾಗ ಕೈ ತೊಳದ ಕೂಡಲೆ ಎದ್ದು ಹೋಗಬಾರದು.” ಆ ಹೆಸರುಗಳಲ್ಲಿ ಒಂದನ್ನೂ ಓದಲು ಅವರಿಗೆ ಬರುವುದಿಲ್ಲ. ಕೊನೆಯ ಹೆಸರು ಸರಿದುಹೋಗುವವರೆಗೆ ನಾವು ನಾಲ್ವರೂ ಕುಳಿತಿದ್ದೆವು.

ಮರುದಿನ ಪಟ್ಟಿಯಲ್ಲಿ ಆ ಆಟ ಇರಲಿಲ್ಲ. ಅತ್ತೆಗೆ ಹೇಗೆ ಹೇಳುವುದೆಂದು ದೀಪಾಲಿಗೆ ಸಂಕೋಚ.

“ಹೋತೇನು?” ಎಂದು ಅವರೇ ಕೇಳಿದರು. “ಹೋಗಲಿ. ಅಂವಾ ಮನಿ ಮುಟ್ಯಾನ, ಇನ್ನ ಯಾಕ ಹೊರಗ ಎಳೀತಿ? ಇಷ್ಟ ದಿನ ನನ್ನ ಸಂಗಾಟ ಕುಂತಿ. ಈಗ ನಿನಗ ಬೇಕಾದ್ದು ಹಚ್ಚು, ಎರಡನೇ ರಿಮೋಟ ನಾ ಹಿಡೀತೀನಿ.”

ದೀಪಾಲಿಗೆ ಇಷ್ಟವಾದದ್ದು ಮೋಟಾರು ಓಡಿಸುವ ಆಟ. ಈಗ ಸಂಜೆ ಹೊತ್ತು ಹಿಂಡಿ ತರಲು ಹೋದರೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಒಳಗಿನಿಂದ ಟಾಯರು ಕಿರುಚುವ ಸದ್ದು, ಏನೋ ಬಡಿದು ಬಿದ್ದ ಸದ್ದು ಬರುತ್ತದೆ. ಅದರ ಹಿಂದೆಯೇ ಕಸ್ತೂರಬಾಯಿಯವರ ಪ್ರಶ್ನೆ:

“ಬ್ರೇಕ ಯಾವ ಗುಂಡಿಗಿ ಅಂದಿದ್ದಿ?”