ಬೇರೆ ಇಟ್ಟ ತಾಟು

ಹೋದ ವಾರ ನಾನು ನರ್ಸ್ ಆಗಿರುವ ಗೋಕಾಕದ ಆಸ್ಪತ್ರೆಗೆ ಕುಲಗೋಡದ ಕಡೆಯ ಗಂಡ ಹೆಂಡತಿ ಬಂದಿದ್ದರು. ಪರದೆಯ ಹಿಂದೆ ಹೆಂಗಸು ಸೀರೆ ಸರಿಸಿದಾಗ ಹಸಿ ಹುರಮಂಜಿನ ವಾಸನೆ ಮೂಗಿಗೆ ಬಡಿಯಿತು. ತೊಡೆಸಂದಿಯಲ್ಲಿ ನೀರುಗುಳ್ಳೆ, ಅದರ ಮೇಲೆ ಬಳಿದ ಆ ಕೆಂಪು ಮಣ್ಣು. ಈ ಕೆಲಸದಲ್ಲಿ ನನ್ನ ಮೂಗು ಎಷ್ಟೋ ವಾಸನೆಗಳಿಗೆ ಒಗ್ಗಿಹೋಗಿದೆ, ಇದೊಂದಕ್ಕೆ ಒಗ್ಗಿಲ್ಲ. ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ, ಚಿಕ್ಕಮ್ಮನಂತೆ ನಾನು ಕಾಕು ಎನ್ನುತ್ತಿದ್ದವಳು ನೆನಪಾದಳು...

ಕಾಕು ಹುಕ್ಕೇರಿಯಿಂದ ಮದುವೆಯಾಗಿ ಬಂದವಳು. ನಾನಾಗ ಶಾಲೆಗೆ ಹೋಗುತ್ತಿದ್ದೆ. ಅತ್ತೆ ಬೈದರೂ ಸೆರಗು ಬಾಯಿಗೆ ಒತ್ತಿಕೊಂಡು ನಗುವ ಹೆಣ್ಣು ಅವಳು. ವರ್ಷದೊಳಗೇ ಜ್ವರ ಬಂದು, ಹೇಳಿಕೊಳ್ಳಲಾಗದ ಜಾಗದಲ್ಲಿ ಗುಳ್ಳೆ ಎದ್ದವು. ಉಚ್ಚೆ ಹೊಯ್ದರೆ ಉರಿ. ನಮ್ಮವ್ವನ ಮುಂದೆ ಮಾತ್ರ ಬಾಯಿ ಬಿಟ್ಟಳು. ಗುಳ್ಳೆಯ ಗುಂಪು ಎಂದರೆ ನಮ್ಮ ಕಡೆ ಸರ್ಪಸುತ್ತು ಎಂದೇ ಲೆಕ್ಕ. ಅವ್ವ ಹುರಮಂಜು ತೇಯ್ದು ಕೊಟ್ಟಳು. ಗುಳ್ಳೆ ಒಣಗಿದವು. ತಾವಾಗಿಯೇ ಒಣಗುವ ಗುಳ್ಳೆ ಅವು, ಹೆಸರು ಮಾತ್ರ ಮಣ್ಣಿಗೆ ಬಂತು.

ಆದರೆ ಅದು ಮತ್ತೆ ಬಂತು, ಆಮೇಲೆ ಮತ್ತೆ... ಅತ್ತೆಗೆ ಸಂಶಯ ಹತ್ತಿತು. ತಾಟು, ಚರಗಿ, ಹಾಸಿಗೆ, ಬಟ್ಟೆ ಒಣಹಾಕುವ ಹಗ್ಗ ಎಲ್ಲ ಬೇರೆಯಾದವು.

"ನಮ್ಮ ಹುಡುಗಗ ಒಂದ ಗುಳ್ಳಿ ಇಲ್ಲ. ಆಕಿಗಷ್ಟ ಐತಿ ಅಂದ್ರ ಆಕೀನ ತಂದಿರಬೇಕಲ್ಲ?" ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಅಂದಳು. ಕಬ್ಬಿನ ಲಾರಿ ಓಡಿಸುತ್ತಿದ್ದ ಕಾಕುವಿನ ಗಂಡ, ಕಾಕಾ, ಕೆಳಗೆ ನೋಡುತ್ತ ನಿಂತಿದ್ದ. ಕಾಕು ನಮ್ಮ ಕಟ್ಟೆಗೆ ಬಂದು, "ಖರೆ ಹೇಳ್ತೇನಿ ಅಕ್ಕಾ, ನಾ ಏನೂ ಮಾಡಿಲ್ಲ" ಎಂದಳು. ತವರಿನಿಂದ ಅವಳ ಅಣ್ಣ ಬಂದು ಕಾಕುವನ್ನು ಹುಕ್ಕೇರಿಗೆ ಕರೆದೊಯ್ದ. ಕಾಕಾ ಇನ್ನೊಂದು ಮದುವೆಯಾದ.

ಅದು ಹರ್ಪಿಸ್ ಎಂದು ನನಗೆ ತಿಳಿದದ್ದು ನರ್ಸಿಂಗ್ ಓದುವಾಗ. ಕೂಡುವಾಗ ಮೈಗೆ ಮೈ ತಾಗಿ ಅಂಟುವ ರೋಗ. ತಾಟಿನಿಂದ, ಹಾಸಿಗೆಯಿಂದ ಹಬ್ಬುವುದಿಲ್ಲ. ಒಮ್ಮೆ ಹೊಕ್ಕರೆ ನರದಲ್ಲಿ ಅಡಗಿ ಕೂತು ಆಗಾಗ ಏಳುತ್ತದೆ. ಕೆಲವರಿಗೆ ಒಂದು ಗುಳ್ಳೆಯೂ ಏಳುವುದಿಲ್ಲ, ಆದರೂ ಅವರಿಂದ ಇನ್ನೊಬ್ಬರಿಗೆ ದಾಟಬಹುದು. ಕಾಕಾನ ಮೈಮೇಲೆ ಏನೂ ಇರದದ್ದು ಯಾವುದಕ್ಕೂ ಸಾಕ್ಷಿಯಾಗಿರಲಿಲ್ಲ. ಇಷ್ಟು ಆಗ ಗೊತ್ತಿದ್ದರೆ ಅವ್ವ ಅವರ ಬಾಗಿಲಲ್ಲಿ ನಿಂತು ಜಗಳವನ್ನಾದರೂ ಆಡುತ್ತಿದ್ದಳು.

ಹುಕ್ಕೇರಿಗೆ ಹೋದೆ, ಬಹಳ ತಡವಾಗಿ. ಕಾಕು ಬೇರೇನೋ ಜಡ್ಡಿನಿಂದ ತೀರಿಕೊಂಡಿದ್ದಳು. ಅವಳ ಅಣ್ಣನ ಹೆಂಡತಿ ಹೇಳಿದಳು, "ಬ್ಯಾಡ ಅಂದ್ರೂ ಕೇಳಲಿಲ್ರಿ. ಕಡೀತನಾ ತನ್ನ ತಾಟು ತಾನ ಬ್ಯಾರೆ ಇಟ್ಕೊಂಡ್ಲು. ನಮ್ಮ ಕೂಸುಗಳ್ನ ಎತ್ಕೊಳ್ಳಾಕೂ ಅಂಜತಿದ್ಲು." ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ.

ಕುಲಗೋಡದ ಗಂಡನೂ, "ನನಗೇನೂ ಇಲ್ರಿ" ಎಂದ. ಇಬ್ಬರನ್ನೂ ಕೂರಿಸಿ ಹೇಳಿದೆ. ಡಾಕ್ಟರು ಬರೆದ ಗುಳಿಗೆ ತ್ರಾಸು ತಗ್ಗಿಸುತ್ತದೆ, ರೋಗದ ಬೇರು ಕೀಳುವುದಿಲ್ಲ. ಗುಳ್ಳೆ ಇದ್ದಾಗ ಕೂಡಬಾರದು, ಉಳಿದಾಗ ಕಾಂಡೋಮ್ ಇರಲಿ, ಅದರಿಂದ ಅಂಟುವುದು ಕಡಿಮೆ. ಯಾರಿಂದ ಯಾರಿಗೆ ಬಂತೆಂದು ಗುಳ್ಳೆ ನೋಡಿ ಹೇಳಲಾಗದು. ಹೆಂಗಸು ಬಾಗಿಲ ತನಕ ಹೋಗಿ ತಿರುಗಿದಳು.

"ತಾಟು ಬ್ಯಾರೆ ಇಡಬೇಕೇನ್ರಿ, ಅಕ್ಕಾರ?"

"ಬ್ಯಾಡವ್ವ. ಎಲ್ಲಾರ ಕೂಡ ಉಣ್ಣು."

ಹುಕ್ಕೇರಿಗೆ ಈಗ ಬೇಕಾದಷ್ಟು ಬಸ್ಸುಗಳಿವೆ. ಈ ಮಾತು ಕೇಳಬೇಕಾದವಳು ಅಲ್ಲಿಲ್ಲ.